ಕಟ್ಟಿದ ಮೂಗು, ಉಬ್ಬಿದ ಹೊಟ್ಟೆ: ಸಿಪ್ಯಾಪ್ ಚಿಕಿತ್ಸೆಯ ಅಡ್ಡಪರಿಣಾಮಗಳ ಒಂದು ಪ್ರಕರಣ

ಹಿನ್ನೆಲೆ

ಮಲೆನಾಡಿನ ಒಂದು ತಾಲ್ಲೂಕು ಕೇಂದ್ರದ 56 ವರ್ಷದ ಶಾಲಾ ಶಿಕ್ಷಕಿ. ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಿಸಲಾಗಿದೆ. ಮುಟ್ಟು ನಿಂತು ಆರು ವರ್ಷ, ಬಿಎಂಐ 31, ರಕ್ತದೊತ್ತಡಕ್ಕೆ ದಿನಕ್ಕೆ ಎರಡು ಮಾತ್ರೆ. ಧೂಳಿನ ಅಲರ್ಜಿ ಹಳೆಯದು. ಬೆಳಿಗ್ಗೆ ಎದ್ದರೆ ಸಾಲುಸಾಲು ಸೀನು, ಮಳೆಗಾಲ ಪೂರ್ತಿ ಒಂದಲ್ಲ ಒಂದು ಹೊಳ್ಳೆ ಕಟ್ಟಿರುತ್ತಿತ್ತು. ಅಲರ್ಜಿಯ ಈ ಮಾತು ಮೊದಲ ದಿನದ ಚೀಟಿಯಲ್ಲೇ ಇತ್ತು. ಆದರೆ ಮುಂದಿನ ಒಂದೂವರೆ ತಿಂಗಳು ಅದರತ್ತ ಯಾರೂ ತಿರುಗಿ ನೋಡಲಿಲ್ಲ.

ಅವರು ವೈದ್ಯರ ಬಳಿ ಹೋದದ್ದು ಗೊರಕೆಗಲ್ಲ, ಬೆಳಗಿನ ತಲೆನೋವಿಗೆ ಮತ್ತು ಮಧ್ಯಾಹ್ನ ಪಾಠ ಮಾಡುವಾಗ ಬರುತ್ತಿದ್ದ ತೂಕಡಿಕೆಗೆ. ಗೊರಕೆಯ ವಿಷಯ ಹೇಳಿದವರು ಅವರ ಯಜಮಾನರು. ಮನೆಯಲ್ಲೇ ಮಾಡುವ ನಿದ್ರಾ ಪರೀಕ್ಷೆಯಲ್ಲಿ ಗಂಟೆಗೆ 38 ಸಲ ಉಸಿರು ನಿಂತದ್ದು ಅಥವಾ ತಗ್ಗಿದ್ದು ಕಂಡಿತು. ಇದನ್ನೇ ಎಎಚ್‌ಐ ಎನ್ನುವುದು. 5ರಿಂದ 15 ಸೌಮ್ಯ, 15ರಿಂದ 30 ಮಧ್ಯಮ, 30 ದಾಟಿದರೆ ತೀವ್ರ ಸ್ಲೀಪ್ ಅಪ್ನಿಯಾ, ಅಂದರೆ ನಿದ್ದೆಯಲ್ಲಿ ಉಸಿರು ಮತ್ತೆ ಮತ್ತೆ ನಿಲ್ಲುವ ಕಾಯಿಲೆ. ರಕ್ತದ ಆಮ್ಲಜನಕ ಒಂದು ಹಂತದಲ್ಲಿ 76%ಕ್ಕೆ ಇಳಿದಿತ್ತು. ಹಗಲು ನಿದ್ದೆಯನ್ನು ಅಳೆಯುವ ಎಪ್‌ವರ್ತ್ ಪ್ರಶ್ನಾವಳಿಯಲ್ಲಿ 24ಕ್ಕೆ 15 ಅಂಕ. ಮಾಸ್ಕಿನ ಮೂಲಕ ಒತ್ತಡದ ಗಾಳಿ ಕೊಡುವ ಸಿಪ್ಯಾಪ್ ಯಂತ್ರ ಬೇಕೇ ಬೇಕು ಎನ್ನುವುದರಲ್ಲಿ ಅನುಮಾನವಿರಲಿಲ್ಲ.

1981ರಲ್ಲಿ ಆಸ್ಟ್ರೇಲಿಯಾದ ಕಾಲಿನ್ ಸಲಿವನ್ ಮತ್ತು ಸಂಗಡಿಗರು ಈ ಚಿಕಿತ್ಸೆಯನ್ನು ಮೊದಲು ಪ್ರಕಟಿಸಿದಾಗ ಇದ್ದ ತತ್ವವೇ ಇಂದಿಗೂ ನಡೆಯುತ್ತಿದೆ. ಮೂಗಿನ ಮೂಲಕ ಒತ್ತಡದ ಗಾಳಿ ಕಳಿಸಿ, ಕುಸಿಯುವ ಗಂಟಲನ್ನು ಒಳಗಿನಿಂದ ತೆರೆದಿಡುವುದು. ಗಾಳಿ ಮಾತ್ರ ನಾವು ತೋರಿಸಿದ ದಾರಿಯಲ್ಲೇ ಹೋಗುವುದಿಲ್ಲ. ತೆರೆದ ಬಾಯಿಂದ ಹೊರಗೆ ಹೋಗುತ್ತದೆ, ಅನ್ನನಾಳಕ್ಕೆ ಇಳಿಯುತ್ತದೆ, ಮಾಸ್ಕಿನ ಅಂಚಿನಿಂದ ಕಣ್ಣಿಗೆ ನುಗ್ಗುತ್ತದೆ. ಈ ಚಿಕಿತ್ಸೆಯ ಅಡ್ಡಪರಿಣಾಮಗಳಲ್ಲಿ ಹೆಚ್ಚಿನವು ಹುಟ್ಟುವುದು ಹೀಗೆ.

ಯಂತ್ರ ಬಂದದ್ದು ಅಕ್ಟೋಬರ್ ಮೊದಲ ವಾರ. ಒತ್ತಡವನ್ನು ತಾನೇ ಹೊಂದಿಸಿಕೊಳ್ಳುವ ಆಟೊ ಮಾದರಿ. ಮಿತಿ 4ರಿಂದ 20 ಸೆಂಟಿಮೀಟರ್ (ಈ ಒತ್ತಡವನ್ನು ಅಳೆಯುವುದು ನೀರಿನ ಕಂಬದ ಎತ್ತರದಲ್ಲಿ), ಅಂದರೆ ಕಾರ್ಖಾನೆಯಿಂದ ಬಂದ ಹಾಗೆಯೇ. ಮೂಗಿನ ಮೇಲೆ ಕೂರುವ ಮಧ್ಯಮ ಅಳತೆಯ ಮಾಸ್ಕ್ ಕೊಟ್ಟರು. ಕುರ್ಚಿಯಲ್ಲಿ ಕೂರಿಸಿ, ಹದಿನೈದು ನಿಮಿಷ ತೋರಿಸಿ ಹೋದರು. ಗಾಳಿಗೆ ತೇವ ಕೊಡುವ ಹ್ಯುಮಿಡಿಫೈಯರ್ ಜೊತೆಯಲ್ಲೇ ಇತ್ತು. "ಮಳೆ ಊರಲ್ವಾ, ನೀರು ಬೇಡ" ಎಂದು ತೊಟ್ಟಿಯನ್ನು ಖಾಲಿ ಬಿಟ್ಟರು.

ತೊಂದರೆ

ಮೊದಲ ವಾರವೇ ಐದು ದೂರುಗಳು ಬಂದವು. ಬೆಳಿಗ್ಗೆ ಬಾಯಿ ಒಣಗಿ ನಾಲಿಗೆ ಅಂಗುಳಕ್ಕೆ ಅಂಟುವುದು. ಮೂಗು ಕಟ್ಟಿ, ಸೀನಿದಾಗ ರಕ್ತದ ಎಳೆ ಕಾಣುವುದು. ಎಡಗಣ್ಣು ಕೆಂಪಾಗಿ ಮರಳು ಬಿದ್ದ ಹಾಗೆ ಚುಚ್ಚುವುದು. ಮೂಗಿನ ಸೇತುವೆಯ, ಅಂದರೆ ಕಣ್ಣುಗಳ ನಡುವಿನ ಎಲುಬಿನ ಮೇಲೆ ಕೆಂಪು ಗಾಯ. ಎಲ್ಲಕ್ಕಿಂತ ಹೆಚ್ಚಾಗಿ ಹೊಟ್ಟೆ. "ಬೆಳಿಗ್ಗೆ ಎದ್ರೆ ಹೊಟ್ಟೆ ತಮಟೆ ಆಗಿರ್ತದೆ, ಹತ್ತು ಗಂಟೆವರೆಗೂ ತೇಗು. ಮಕ್ಕಳ ಮುಂದೆ ನಿಂತು ಪಾಠ ಮಾಡೋದು ಹ್ಯಾಗೆ?" ಎಂದು ಕೇಳಿದರು. ಚಿಕಿತ್ಸೆಯನ್ನೇ ಬಿಡುವ ಮಾತು ಬಂದದ್ದು ಈ ಕಾರಣಕ್ಕೆ.

ಒಂದೊಂದು ದೂರಿಗೂ ಒಂದೊಂದು ಮದ್ದು ಸಿಕ್ಕಿತು. ಹೊಟ್ಟೆಗೆ ಪ್ಯಾಂಟೊಪ್ರಜೋಲ್. ಅದು ಆಮ್ಲ ತಗ್ಗಿಸುತ್ತದೆಯೇ ಹೊರತು ನುಂಗಿದ ಗಾಳಿಯನ್ನು ತೆಗೆಯುವುದಿಲ್ಲ. ಎದೆಯುರಿ ಕಡಿಮೆಯಾಯಿತು, ಉಬ್ಬರ ಹಾಗೆಯೇ ಉಳಿಯಿತು. ಕಣ್ಣಿಗೆ ಗಾಳಿ ತಾಗುತ್ತದೆ ಎಂದು ಮಾಸ್ಕಿನ ಪಟ್ಟಿ ಬಿಗಿದರು. ಸಿಲಿಕೋನ್ ಕುಶನ್ ಎರಡು ಪದರದ್ದು. ಮುಖಕ್ಕೆ ತಾಗುವ ತೆಳು ಪದರ ಗಾಳಿಯಿಂದ ಉಬ್ಬಿ ಒರಗಿದರೆ ಮಾತ್ರ ಅಂಚು ಮುಚ್ಚುತ್ತದೆ. ಬಿಗಿದಷ್ಟೂ ಪದರ ಮಡಚಿಕೊಳ್ಳುತ್ತದೆ, ಸೋರಿಕೆ ಹೆಚ್ಚುತ್ತದೆ, ಮೂಗಿನ ಎಲುಬಿನ ಮೇಲೆ ಭಾರ ಬೀಳುತ್ತದೆ. ಗಾಯ ಆದದ್ದು ಹೀಗೆ.

ಮೂಗಿಗೆ ಔಷಧಿ ಅಂಗಡಿಯಿಂದ ಕ್ಸೈಲೊಮೆಟಾಜೊಲಿನ್ ಹನಿ ತಂದರು. ಹಾಕಿದ ಹತ್ತು ನಿಮಿಷಕ್ಕೆ ಮೂಗು ಬಿಟ್ಟಿತು. ಅವರಿಗೆ ಅಷ್ಟು ಸುಖ ಕೊಟ್ಟ ಔಷಧಿ ಇನ್ನೊಂದಿರಲಿಲ್ಲ, ಅದಕ್ಕೇ ನಿಲ್ಲಿಸಲಿಲ್ಲ. ಈ ಹನಿಯನ್ನು ಮೂರರಿಂದ ಐದು ದಿನಕ್ಕಿಂತ ಹೆಚ್ಚು ಬಳಸಿದರೆ ಮೂಗಿನ ಒಳಪೊರೆ ಅದಕ್ಕೆ ಒಗ್ಗಿಹೋಗುತ್ತದೆ. ಪರಿಣಾಮ ಇಳಿದ ಕೂಡಲೇ ಮೊದಲಿಗಿಂತ ಜೋರಾಗಿ ಊದಿಕೊಳ್ಳುತ್ತದೆ. ಅವರು ಐದು ವಾರ ಬಳಸಿದ್ದರು.

ಬಾಯಿ ಒಣಗುವುದಕ್ಕೆ ಗಲ್ಲದ ಪಟ್ಟಿ ಕಟ್ಟಿದರು. ಕಟ್ಟಿದ ಮೂಗಿನೊಂದಿಗೆ ಬಾಯಿಯನ್ನೂ ಬಿಗಿದರೆ ಉಸಿರು ಸಿಗುವುದೆಲ್ಲಿಂದ? ಎರಡೇ ರಾತ್ರಿಗೆ ಕಿತ್ತೆಸೆದರು. ವಿಡಿಯೊ ನೋಡಿ ಬಾಯಿಗೆ ಟೇಪ್ ಅಂಟಿಸುವ ಸಲಹೆಯನ್ನೂ ನೆಂಟರೊಬ್ಬರು ಕೊಟ್ಟಿದ್ದರು. ಪುಣ್ಯಕ್ಕೆ ಅದನ್ನು ಮಾಡಲಿಲ್ಲ. ಕಟ್ಟಿದ ಮೂಗು, ರಾತ್ರಿ ಉಕ್ಕಿಬರುವ ಎದೆಯುರಿ, ನಡುವೆ ಕೈಕೊಡುವ ಕರೆಂಟು, ಈ ಮೂರರಲ್ಲಿ ಒಂದಿದ್ದರೂ ಬಾಯಿಗೆ ಟೇಪ್ ಹಾಕುವುದು ಅಪಾಯ.

ಕೊನೆಗೆ ಅಂಗಡಿಯವರು ಮೂಗು ಬಾಯಿ ಎರಡನ್ನೂ ಮುಚ್ಚುವ ಪೂರ್ಣ ಮಾಸ್ಕ್ ಕೊಟ್ಟರು. ಅದರ ಅಂಚು ಉದ್ದ, ಹಾಗಾಗಿ ಸೋರುವ ಜಾಗವೂ ಹೆಚ್ಚು. ಮುಖ ಪೂರ್ತಿ ಮುಚ್ಚಿದ ಹಾಗಾಗಿ ಅವರಿಗೆ ಎದೆ ಡವಡವ ಎಂದಿತು. ಅದಕ್ಕಿಂತ ದೊಡ್ಡ ಅಪಾಯ ಆ ಮಾಸ್ಕಿನ ಪಟ್ಟಿಯಲ್ಲಿತ್ತು. ಸುಲಭವಾಗಿ ಬಿಚ್ಚಲೆಂದು ಎರಡು ಬದಿಯಲ್ಲಿ ಅಯಸ್ಕಾಂತದ ಕೊಕ್ಕೆಗಳಿದ್ದವು. ಅವರ ಯಜಮಾನರಿಗೆ ಮೂರು ವರ್ಷದ ಹಿಂದೆ ಪೇಸ್‌ಮೇಕರ್ ಹಾಕಲಾಗಿದೆ, ಇಬ್ಬರೂ ಒಂದೇ ಮಂಚದಲ್ಲಿ ಮಲಗುತ್ತಾರೆ. ಇಂಥ ಅಯಸ್ಕಾಂತಗಳನ್ನು ಪೇಸ್‌ಮೇಕರ್ ಮತ್ತು ದೇಹದೊಳಗೆ ಕೂರಿಸಿದ ಇತರ ಸಾಧನಗಳಿಂದ ಕನಿಷ್ಠ 15 ಸೆಂಟಿಮೀಟರ್ ದೂರ ಇಡಬೇಕು. ನಿದ್ದೆಯಲ್ಲಿ ಹೊರಳುವಾಗ ಆ ಅಂತರ ಉಳಿಯುತ್ತದೆ ಎಂದು ಯಾರೂ ಭರವಸೆ ಕೊಡಲಾರರು. ಮಾಸ್ಕ್ ಕೊಡುವ ಮುನ್ನ ರೋಗಿಯನ್ನಷ್ಟೇ ಅಲ್ಲ, ಪಕ್ಕದಲ್ಲಿ ಮಲಗುವವರನ್ನೂ ಕೇಳಬೇಕಾದ ಪ್ರಶ್ನೆ ಇದು. ಇಲ್ಲಿ ಕೇಳಿರಲಿಲ್ಲ. ಮರುಭೇಟಿಯಲ್ಲಿ ಯಜಮಾನರೇ ಮಾತಿನ ನಡುವೆ ಹೇಳಿದ್ದರಿಂದ ಗೊತ್ತಾಯಿತು, ಆ ಮಾಸ್ಕ್ ಅಂದೇ ವಾಪಸ್ ಹೋಯಿತು.

ಒಂದು ರಾತ್ರಿಯ ಗೆರೆಗಳು

ಸುಮಾರು 40 ದಿನಗಳ ನಂತರ ಯಂತ್ರದ ಮೆಮೊರಿ ಕಾರ್ಡನ್ನು ತೆರೆದು ನೋಡಲಾಯಿತು. ಸರಾಸರಿ ಬಳಕೆ ರಾತ್ರಿಗೆ 2 ಗಂಟೆ 10 ನಿಮಿಷ. ಯಂತ್ರ ಹಾಕಿಕೊಂಡಾಗಲೂ ಎಎಚ್‌ಐ 11.6. ಶೇ 95ರಷ್ಟು ಸಮಯ ಒತ್ತಡ 15.8 ಅಥವಾ ಅದಕ್ಕಿಂತ ಕೆಳಗೆ, ಸೋರಿಕೆ ನಿಮಿಷಕ್ಕೆ 46 ಲೀಟರ್ ಅಥವಾ ಅದಕ್ಕಿಂತ ಕೆಳಗೆ. ಈ ಮಾದರಿಯ ಯಂತ್ರದಲ್ಲಿ 24 ಲೀಟರ್ ದಾಟಿದರೆ ದೊಡ್ಡ ಸೋರಿಕೆ ಎಂದೇ ಲೆಕ್ಕ.

ಈ ಸರಾಸರಿಗಳನ್ನಷ್ಟೇ ನೋಡಿದ್ದರೆ "ಒತ್ತಡ ಜಾಸ್ತಿ ಬೇಕಾದ ರೋಗಿ, ಮಾಸ್ಕ್ ಸರಿಯಿಲ್ಲ" ಎಂದು ಇನ್ನೊಂದು ಮಾಸ್ಕ್ ಬರೆದುಕೊಟ್ಟು ಕಳಿಸಬಹುದಿತ್ತು. ತಿರುವು ಸಿಕ್ಕಿದ್ದು ಒಂದೇ ಒಂದು ರಾತ್ರಿಯ ಗ್ರಾಫನ್ನು ನಿಮಿಷ ನಿಮಿಷವಾಗಿ ನೋಡಿದಾಗ. ಆಸ್ಕರ್ ಎಂಬ ಉಚಿತ ತಂತ್ರಾಂಶದಲ್ಲಿ ಒತ್ತಡದ ಗೆರೆ, ಸೋರಿಕೆಯ ಗೆರೆ, ಉಸಿರು ನಿಂತ ಗುರುತುಗಳು ಒಂದರ ಕೆಳಗೊಂದು ಕಾಣುತ್ತವೆ. ಮೊದಲ 70 ನಿಮಿಷ ಒತ್ತಡ 7.5ರ ಆಸುಪಾಸಿನಲ್ಲಿತ್ತು, ಸೋರಿಕೆ ಇರಲಿಲ್ಲ, ಉಸಿರು ನಿಂತದ್ದು ಒಂದೇ ಸಲ. ಆಮೇಲೆ ಸೋರಿಕೆಯ ಗೆರೆ ಮೆಟ್ಟಿಲು ಮೆಟ್ಟಿಲಾಗಿ ಏರಿತು. ಅದು ಏರಿದ ಆರೇಳು ನಿಮಿಷದ ನಂತರವೇ ಒತ್ತಡ ಏರತೊಡಗಿದ್ದು. 15ರ ಹತ್ತಿರ ಹೋದ ಮೇಲೆ ಅವರು ಮಾಸ್ಕ್ ತೆಗೆದಿದ್ದಾರೆ. ಉಳಿದ ರಾತ್ರಿಗಳನ್ನೂ ತೆರೆದು ನೋಡಿದರೆ ಬಹುಪಾಲು ಅದೇ ಕ್ರಮ.

ಅಂದರೆ ಒತ್ತಡ ಹೆಚ್ಚಾಗಿ ಸೋರಿದ್ದಲ್ಲ, ಸೋರಿದ್ದರಿಂದ ಒತ್ತಡ ಹೆಚ್ಚಾದದ್ದು. ಬಾಯಿ ತೆರೆದುಕೊಂಡಾಗ ಗಂಟಲಿಗೆ ತಲುಪಬೇಕಾದ ಒತ್ತಡ ಹೊರಗೆ ಹರಿದುಹೋಗುತ್ತದೆ, ಗಂಟಲು ಮತ್ತೆ ಕುಸಿಯುತ್ತದೆ, ಯಂತ್ರ ಅದನ್ನು ಗಮನಿಸಿ ಒತ್ತಡ ಏರಿಸುತ್ತದೆ. ಮೇಲಿನ ಮಿತಿ 20 ಇದ್ದುದರಿಂದ ತಡೆಯುವವರಿಲ್ಲ. ಹೆಚ್ಚಿದ ಒತ್ತಡದಲ್ಲಿ, ಅರೆ ಎಚ್ಚರದಲ್ಲಿ ಮತ್ತೆ ಮತ್ತೆ ಎಂಜಲು ನುಂಗುವಾಗ ಅನ್ನನಾಳದ ಮೇಲಿನ ಬಿಗಿ ಸಡಿಲಗೊಂಡು ಗಾಳಿ ಹೊಟ್ಟೆಗೆ ಇಳಿಯುತ್ತದೆ. ಅದೇ ಒತ್ತಡ ಮಾಸ್ಕಿನ ಅಂಚನ್ನು ಎತ್ತಿ ಕಣ್ಣಿಗೆ ಊದುತ್ತದೆ.

ಹಾಗಾದರೆ ಬಾಯಿ ತೆರೆದದ್ದೇಕೆ? ಮೂಗು ಕಟ್ಟಿದ್ದಕ್ಕೆ. ಮೂಗು ಕಟ್ಟಿದ್ದೇಕೆ? ಹಳೆಯ ಅಲರ್ಜಿ ಇತ್ತು, ಅದರ ಮೇಲೆ ತೇವ ಕೊಡದ ಗಾಳಿ ಗಂಟೆಗಟ್ಟಲೆ ರಭಸವಾಗಿ ಹರಿಯಿತು, ಅದರ ಮೇಲೆ ಐದು ವಾರದ ಹನಿ. ಇನ್ನೊಂದು ವಿಷಯವೂ ಇದೆ. ಮೂಗಿನಿಂದ ಒಳಗೆ ಹೋದ ಗಾಳಿ ಬಾಯಿಂದ ಹೊರಗೆ ಹೋದರೆ ಮೂಗು ತನ್ನ ತೇವವನ್ನು ಮರಳಿ ಪಡೆಯುವುದಿಲ್ಲ. ಒಂದೇ ದಿಕ್ಕಿನ ಆ ಹರಿವೇ ಒಳಪೊರೆಯನ್ನು ಒಣಗಿಸಿ ಇನ್ನಷ್ಟು ಊದಿಸುತ್ತದೆ. ಮೂಗು ಕಟ್ಟಿ ಬಾಯಿ ತೆರೆಯುವುದು, ಬಾಯಿ ತೆರೆದು ಮೂಗು ಕಟ್ಟುವುದು, ಎರಡೂ ಒಂದನ್ನೊಂದು ಎಳೆಯುತ್ತವೆ. ಮಳೆ ಊರಿನಲ್ಲಿ ನೀರು ಬೇಡ ಎಂಬ ಮಾತು ತಪ್ಪಾದದ್ದು ಇಲ್ಲಿ. ಮೂಗಿನ ಮೂಲಕ ನಿಮಿಷಕ್ಕೆ ಹತ್ತಾರು ಲೀಟರ್ ಗಾಳಿ ಹರಿದು ಬಾಯಿಂದ ಹೊರಹೋಗುವಾಗ ಕೋಣೆಯ ತೇವ ಸಾಲದು.

ತೆಗೆದುಕೊಂಡ ನಿರ್ಧಾರ

ಇಲ್ಲಿ ಕಷ್ಟದ ಪ್ರಶ್ನೆಯೊಂದಿತ್ತು. ಮೂಗು ಸರಿಯಾಗುವವರೆಗೆ ರಾತ್ರಿ ಯಂತ್ರ ನಿಲ್ಲಿಸುವುದೇ, ಹೇಗಾದರೂ ಮುಂದುವರಿಸುವುದೇ? ತೀವ್ರ ಅಪ್ನಿಯಾ ಇರುವವರಿಗೆ ಯಂತ್ರ ನಿಲ್ಲಿಸಿ ಎನ್ನುವುದು ಹಗುರ ಮಾತಲ್ಲ. ಆದರೆ ಅವರು ಹಾಕಿಕೊಳ್ಳುತ್ತಿದ್ದದ್ದೇ ಎರಡು ಗಂಟೆ, ಅದರಲ್ಲೂ ಅರ್ಧ ಸಮಯ ಸೋರಿಕೆ. ಇನ್ನೂ ಹತ್ತು ಕೆಟ್ಟ ರಾತ್ರಿ ಕಳೆದರೆ ಯಂತ್ರ ಅಟ್ಟ ಸೇರುವುದು ಖಚಿತವಿತ್ತು. ಅವರು ವಾಹನ ಓಡಿಸುವವರಲ್ಲ, ಹೃದಯದ ಕಾಯಿಲೆ ಇರಲಿಲ್ಲ. ಹತ್ತು ದಿನ ರಾತ್ರಿ ಯಂತ್ರ ಬೇಡ ಎಂದು ತೀರ್ಮಾನವಾಯಿತು. ರೋಗಿ ಬಸ್ಸು ಅಥವಾ ಲಾರಿ ಚಾಲಕರಾಗಿದ್ದರೆ ಈ ತೀರ್ಮಾನ ಸರಿಯಾಗುತ್ತಿರಲಿಲ್ಲ. ಆ ದಿನಗಳಲ್ಲಿ ಮಗ್ಗುಲಾಗಿ ಮಲಗಬೇಕು, ಮಂಚದ ತಲೆಯ ಕಡೆಯ ಕಾಲುಗಳ ಕೆಳಗೆ ತುಂಡು ಹಲಗೆ ಇಟ್ಟು 15 ಸೆಂಟಿಮೀಟರ್ ಎತ್ತರಿಸಬೇಕು ಎಂದಾಯಿತು. ದಿಂಬಿನ ಮೇಲೆ ದಿಂಬು ಇಟ್ಟರೆ ಕತ್ತು ಮಡಚಿ ಗಂಟಲು ಇನ್ನಷ್ಟು ಕಿರಿದಾಗುತ್ತದೆ.

ಹನಿಯನ್ನು ಒಮ್ಮೆಗೇ ನಿಲ್ಲಿಸಿದರೆ ತಡೆಯಲಾರರು ಎಂದು ಮೊದಲು ಬಲ ಹೊಳ್ಳೆಗೆ ನಿಲ್ಲಿಸಿ, ಐದು ದಿನದ ನಂತರ ಎಡಕ್ಕೂ ನಿಲ್ಲಿಸಲಾಯಿತು. ಹೀಗೆ ಮಾಡಿದರೆ ಒಂದು ಹೊಳ್ಳೆಯಾದರೂ ಉಸಿರಿಗೆ ಉಳಿಯುತ್ತದೆ. ಜೊತೆಗೆ ವೈದ್ಯರು ಮೂಗಿನ ಊತ ಇಳಿಸುವ ಸ್ಟೀರಾಯ್ಡ್ ಆದ ಮೊಮೆಟಾಸೋನ್ ಸ್ಪ್ರೇ ಶುರು ಮಾಡಿದರು. ಸ್ಪ್ರೇ ಹೊಡೆಯುವ ಕ್ರಮವನ್ನು ಕನ್ನಡಿ ಮುಂದೆ ನಿಲ್ಲಿಸಿ ಕಲಿಸಬೇಕಾಯಿತು. ತಲೆ ಸ್ವಲ್ಪ ಮುಂದಕ್ಕೆ ಬಾಗಿಸಿ, ಬಲಗೈಯಿಂದ ಎಡ ಹೊಳ್ಳೆಗೆ, ಎಡಗೈಯಿಂದ ಬಲ ಹೊಳ್ಳೆಗೆ, ತುದಿ ಕಿವಿಯ ಕಡೆಗೆ ತಿರುಗಿರಬೇಕು. ನಡುಗೋಡೆಗೆ ನೇರ ಬಿದ್ದರೆ ರಕ್ತ ಬರುತ್ತದೆ. ಜೋರಾಗಿ ಎಳೆದುಕೊಂಡರೆ ಔಷಧಿ ಗಂಟಲಿಗೆ ಹೋಗುತ್ತದೆ. ಹನಿಯ ಹಾಗೆ ಹತ್ತು ನಿಮಿಷಕ್ಕೆ ಕೆಲಸ ಮಾಡುವುದಿಲ್ಲ, ಪೂರ್ತಿ ಗುಣ ಕಾಣಲು ಒಂದೆರಡು ವಾರ ಬೇಕು ಎಂಬುದನ್ನು ಮೊದಲೇ ಹೇಳದಿದ್ದರೆ ಮೂರನೇ ದಿನಕ್ಕೆ ಬಿಟ್ಟುಬಿಡುತ್ತಾರೆ.

ಯೋಗ ಶಿಬಿರದಲ್ಲಿ ಕಲಿತ ಜಲನೇತಿ ಅವರಿಗೆ ಗೊತ್ತಿತ್ತು, ಅದು ಅನುಕೂಲವಾಯಿತು. ಬದಲಿಸಿದ್ದು ನೀರನ್ನು ಮಾತ್ರ. ಅವರು ನಲ್ಲಿಯ ಬಿಸಿನೀರು ಬಳಸುತ್ತಿದ್ದರು. ಮೂಗಿಗೆ ಹೋಗುವ ನೀರು ಕನಿಷ್ಠ ಒಂದು ನಿಮಿಷ ಕೊತಕೊತ ಕುದಿದು ಆರಿರಬೇಕು. ನೆಗ್ಲೇರಿಯಾ ಎಂಬ ಅಮೀಬಾ ಮೂಗಿನ ಮೂಲಕ ಮಿದುಳಿಗೆ ಹೋಗುತ್ತದೆ, ಅಪರೂಪವಾದರೂ ಬಂದರೆ ಬದುಕುಳಿಯುವವರು ತೀರಾ ಕಡಿಮೆ. 240 ಮಿಲಿಲೀಟರ್ ನೀರಿಗೆ ಅರ್ಧ ಟೀ ಚಮಚ ಅಯೋಡಿನ್ ಇಲ್ಲದ ಉಪ್ಪು, ಒಂದು ಚಿಟಿಕೆ ಅಡುಗೆ ಸೋಡಾ. ಮಲಗುವ ಒಂದು ಗಂಟೆ ಮೊದಲು ಮುಗಿಸಬೇಕು, ಇಲ್ಲದಿದ್ದರೆ ಉಳಿದ ನೀರು ಮಾಸ್ಕಿನೊಳಗೆ ಇಳಿಯುತ್ತದೆ.

ಮಾಸ್ಕಿನ ಭಯಕ್ಕೆ ಮದ್ದು ಹಗಲಿನಲ್ಲಿ. ಸಂಜೆ ಅರ್ಧ ಗಂಟೆ ರೇಡಿಯೊ ಕೇಳುತ್ತ, ಕುರ್ಚಿಯಲ್ಲಿ ಎಚ್ಚರವಿದ್ದೇ ಮಾಸ್ಕ್ ಹಾಕಿಕೊಳ್ಳುವುದು. ಮೊದಲೆರಡು ದಿನ ಗಾಳಿ ಇಲ್ಲದೆ ಕೈಯಲ್ಲಿ ಹಿಡಿದು ಮೂಗಿಗೆ ತಾಗಿಸುವುದು ಮಾತ್ರ, ಆಮೇಲೆ ಗಾಳಿಯೊಂದಿಗೆ, ಆಮೇಲೆ ಪಟ್ಟಿ ಕಟ್ಟಿ.

ಮಾಸ್ಕನ್ನು ಈ ಸಲ ಮಲಗಿಸಿ ಅಳೆಯಲಾಯಿತು. ಕುಳಿತಾಗ ಸರಿಯಾಗಿ ಕೂರುವ ಮಾಸ್ಕ್ ಮಲಗಿದಾಗ ಕೆನ್ನೆ ಜಾರಿ ಸೋರುತ್ತದೆ. ಯಂತ್ರವನ್ನು 10 ಸೆಂಟಿಮೀಟರಿಗೆ ಇಟ್ಟು, ಎರಡೂ ಮಗ್ಗುಲಿಗೆ ಹೊರಳಿಸಿ ನೋಡಲಾಯಿತು. ಮೂಗಿನ ಕೆಳಗೆ ಮಾತ್ರ ಒರಗುವ, ಅಯಸ್ಕಾಂತವಿಲ್ಲದ ಸಣ್ಣ ಮಾಸ್ಕ್ ಸರಿಹೊಂದಿತು. ಸೇತುವೆಯ ಮೇಲೆ ಏನೂ ತಾಗದ ಕಾರಣ ಗಾಯ ಮಾಯಲು ಬಿಡುವು ಸಿಕ್ಕಿತು. ಪಟ್ಟಿಯ ಕೆಳಗೆ ಎರಡು ಬೆರಳು ತೂರಬೇಕು. ಹಳೆಯ ಕುಶನ್ ಮುಟ್ಟಿದರೆ ಜಿಡ್ಡು. ಅವರು ರಾತ್ರಿ ತಲೆಗೆ ಕೊಬ್ಬರಿ ಎಣ್ಣೆ, ಮುಖಕ್ಕೆ ಕ್ರೀಮ್ ಹಚ್ಚಿ ಮಲಗುತ್ತಿದ್ದರು. ಜಿಡ್ಡಿನ ಮೇಲೆ ಸಿಲಿಕೋನ್ ನಿಲ್ಲದೆ ಜಾರುತ್ತದೆ, ದಿನ ಕಳೆದಂತೆ ಮೆತ್ತಗಾಗಿ ಆಕಾರ ಕೆಡುತ್ತದೆ. ಎಣ್ಣೆಯನ್ನು ಭಾನುವಾರದ ಬೆಳಗಿನ ಅಭ್ಯಂಜನಕ್ಕೆ ಸೀಮಿತಗೊಳಿಸಲಾಯಿತು. ಮಲಗುವ ಮುನ್ನ ಸೋಪಿನಿಂದ ಮುಖ ತೊಳೆಯುವುದು ರೂಢಿಯಾಯಿತು.

ಒತ್ತಡದ ಮಿತಿ 4–20ರಿಂದ 7–10ಕ್ಕೆ ಬಂತು. ಸೋರಿಕೆಯಿಲ್ಲದ ಆ 70 ನಿಮಿಷಗಳಲ್ಲಿ 7.5 ಸಾಕಾಗಿತ್ತಲ್ಲ, ಆಧಾರ ಅದೇ. ಕೆಳಮಿತಿ 4 ಇದ್ದಾಗ "ಗಾಳಿ ಸಾಲದು" ಎಂದು ಅವರು ದೂರುತ್ತಿದ್ದದ್ದೂ ನಿಜವೇ; ದೊಡ್ಡವರಲ್ಲಿ ಹಲವರಿಗೆ 4 ಉಸಿರುಗಟ್ಟಿದ ಹಾಗೆ ಅನಿಸುತ್ತದೆ. 5ರಿಂದ ಶುರುವಾಗಿ 15 ನಿಮಿಷದಲ್ಲಿ 7ಕ್ಕೆ ಏರುವಂತೆ, ಉಸಿರು ಬಿಡುವಾಗ 2 ಸೆಂಟಿಮೀಟರ್ ಇಳಿಯುವಂತೆ ಹೊಂದಿಸಲಾಯಿತು. ಹ್ಯುಮಿಡಿಫೈಯರ್ 8ರಲ್ಲಿ 5ಕ್ಕೆ.

ತೊಟ್ಟಿಗೆ ಯಾವ ನೀರು ಎಂಬ ಪ್ರಶ್ನೆ ಸಣ್ಣದಲ್ಲ. ಬೋರ್‌ವೆಲ್ ನೀರು ಒಂದೇ ತಿಂಗಳಲ್ಲಿ ತೊಟ್ಟಿಯ ತಳದಲ್ಲಿ ಸುಣ್ಣದ ಪದರ ಕಟ್ಟಿಸುತ್ತದೆ. ಪೆಟ್ರೋಲ್ ಬಂಕಿನ ಬ್ಯಾಟರಿ ನೀರಿನಲ್ಲಿ ಲವಣ ಇರುವುದಿಲ್ಲ, ಆದರೆ ಉಸಿರಿಗೆ ಬಳಸುವಷ್ಟು ಶುದ್ಧ ಎಂದು ಯಾರೂ ಖಾತರಿ ಕೊಟ್ಟಿರುವುದಿಲ್ಲ. ಔಷಧಿ ಅಂಗಡಿಯ ಡಿಸ್ಟಿಲ್ಡ್ ವಾಟರ್ ಸರಿ. ಅದು ಸಿಗದ ದಿನ ಕುದಿಸಿ ಆರಿಸಿದ ಫಿಲ್ಟರ್ ನೀರು ನಡೆಯುತ್ತದೆ. ಉಳಿದ ನೀರನ್ನು ಪ್ರತಿ ಬೆಳಿಗ್ಗೆ ಚೆಲ್ಲಲೇಬೇಕು.

ಮುಂದೆ ಆದದ್ದು

ಮರುಪ್ರಾರಂಭದ ಮೊದಲ ರಾತ್ರಿ 4 ಗಂಟೆ 20 ನಿಮಿಷ. ಒಂದು ವಾರದ ಕೊನೆಗೆ ಸರಾಸರಿ ಐದು ಗಂಟೆ. ಹೊಟ್ಟೆಯ ಉಬ್ಬರ ನಾಲ್ಕನೇ ಬೆಳಿಗ್ಗೆಗೆ ಬಹುತೇಕ ನಿಂತಿತು. ಅದಕ್ಕೆಂದು ಹೊಸ ಔಷಧಿ ಏನೂ ಕೊಟ್ಟಿರಲಿಲ್ಲ, ಸೋರಿಕೆಯೂ ಒತ್ತಡದ ಮಿತಿಯೂ ಸರಿಯಾದದ್ದೇ ಸಾಕಾಯಿತು ಎಂಬುದನ್ನು ಗಮನಿಸಬೇಕು.

ಡಿಸೆಂಬರ್ ಚಳಿಗೆ ಹೊಸ ತೊಂದರೆ ಬಂತು. ರಾತ್ರಿ ಮೂರು ಗಂಟೆಗೆ ಪೈಪಿನಲ್ಲಿ ಗುಳುಗುಳು ಸದ್ದು, ಆಮೇಲೆ ಮೂಗಿಗೆ ತಣ್ಣೀರಿನ ಎರಚು. ತೊಟ್ಟಿಯಲ್ಲಿ ಬಿಸಿಯಾದ ತೇವದ ಗಾಳಿ ತಣ್ಣನೆ ಪೈಪಿನಲ್ಲಿ ಹನಿಯಾಗಿ ಇಳಿದದ್ದು ಅದು. ಹ್ಯುಮಿಡಿಫೈಯರನ್ನು 3ಕ್ಕೆ ಇಳಿಸಿ, ಫ್ಲಾನೆಲ್ ಬಟ್ಟೆಯಿಂದ ಪೈಪಿಗೆ ಗವಸು ಹೊಲಿಸಿ, ಹನಿ ಮುಖದ ಕಡೆ ಹರಿಯದೆ ತೊಟ್ಟಿಯ ಕಡೆಗೇ ವಾಪಸ್ ಹೋಗಲೆಂದು ಯಂತ್ರವನ್ನು ಮಂಚದ ಪಕ್ಕದ ಮೇಜಿನಿಂದ ನೆಲಕ್ಕೆ ಇಳಿಸಲಾಯಿತು. ನೀರಿನ ತೊಂದರೆ ಅಂದೇ ನಿಂತಿತು.

ಮೂರು ದಿನದಲ್ಲಿ ಮೂಗು ಮತ್ತೆ ಕಟ್ಟಿತು. ಸ್ಪ್ರೇ ತಪ್ಪಿರಲಿಲ್ಲ, ಹನಿ ಔಷಧಿ ಮುಟ್ಟಿರಲಿಲ್ಲ. ತೇವ ಕಡಿಮೆ ಮಾಡಿದ್ದೇ ಕಾರಣವಿರಬಹುದು ಎಂದು ಮತ್ತೆ 5ಕ್ಕೆ ಏರಿಸಲು ಮುಂದಾದಾಗ ಮಗ ಫಿಲ್ಟರಿನ ಫೋಟೊ ಕಳಿಸಿದ. ಬಿಳಿ ಫಿಲ್ಟರ್ ಬೂದು ಬಣ್ಣಕ್ಕೆ ತಿರುಗಿತ್ತು. ನೆಲದ ಮೇಲೆ, ಯಂತ್ರದ ಗಾಳಿ ಎಳೆಯುವ ಕಿಂಡಿಯಿಂದ ಎರಡು ಅಡಿ ದೂರದಲ್ಲಿ, ಮಂಚದ ಕೆಳಗೆ ಸೊಳ್ಳೆ ಬತ್ತಿ ಉರಿಯುತ್ತಿತ್ತು. ನಿಮಿಷಕ್ಕೆ ಹತ್ತಾರು ಲೀಟರ್ ಗಾಳಿ ಎಳೆಯುವ ಯಂತ್ರ ಆ ಹೊಗೆಯನ್ನೂ ನೆಲದ ಧೂಳನ್ನೂ ನೇರವಾಗಿ ಅಲರ್ಜಿಯ ಮೂಗಿಗೆ ತಲುಪಿಸುತ್ತಿತ್ತು. ಫಿಲ್ಟರ್ ಧೂಳನ್ನು ಒಂದಿಷ್ಟು ಹಿಡಿದೀತು, ಹೊಗೆಯನ್ನಲ್ಲ. ಬತ್ತಿ ಹೋಗಿ ಸೊಳ್ಳೆ ಪರದೆ ಬಂತು. ಯಂತ್ರ ಒಂದು ಅಡಿ ಎತ್ತರದ ಸ್ಟೂಲಿನ ಮೇಲೆ ಕೂತಿತು, ನೆಲಕ್ಕಿಂತ ಮೇಲೆ, ಮಂಚಕ್ಕಿಂತ ಕೆಳಗೆ. ಹೊಸ ಫಿಲ್ಟರ್ ಹಾಕಿ, ತಿಂಗಳಿಗೊಮ್ಮೆ ಬದಲಿಸುವುದೆಂದು ಕ್ಯಾಲೆಂಡರಿನಲ್ಲಿ ಗುರುತು ಹಾಕಲಾಯಿತು. ತೇವವನ್ನು ಏರಿಸಬೇಕಾಗಿ ಬರಲಿಲ್ಲ. ಅಂದು ಫೋಟೊ ಬಾರದೆ ತೇವ ಏರಿಸಿದ್ದರೆ ಪೈಪಿನ ನೀರು ಮರಳಿ ಬರುತ್ತಿತ್ತು, ಹೊಗೆ ಹಾಗೆಯೇ ಉಳಿಯುತ್ತಿತ್ತು.

ಆರನೇ ವಾರದ ದತ್ತಾಂಶ ಎಲ್ಲರನ್ನೂ ಗಾಬರಿಗೊಳಿಸಿತು. ಎಎಚ್‌ಐ 7.9, ಅದರಲ್ಲಿ 6.2 ಸೆಂಟ್ರಲ್ ಅಪ್ನಿಯಾ. ಗಂಟಲು ಮುಚ್ಚಿ ಉಸಿರು ನಿಂತದ್ದಲ್ಲ, ಗಂಟಲು ತೆರೆದೇ ಇದ್ದು ಮಿದುಳು ಉಸಿರಿನ ಆಜ್ಞೆ ಕೊಡದೆ ನಿಂತದ್ದು. ಇಂಥ ಯಂತ್ರಗಳು ಉಸಿರು ನಿಂತಾಗ ಸಣ್ಣ ಗಾಳಿಯ ಮಿಡಿತ ಕಳಿಸಿ ದಾರಿ ತೆರೆದಿದೆಯೇ ಎಂದು ಪರೀಕ್ಷಿಸಿ ಇದನ್ನು ಗುರುತಿಸುತ್ತವೆ. ಚಿಕಿತ್ಸೆ ಶುರುವಾದ ಮೇಲೆ ಕೆಲವರಲ್ಲಿ ಇದು ಹುಟ್ಟುತ್ತದೆ. ಗಂಟಲು ತೆರೆದ ಮೇಲೆ ಇಂಗಾಲದ ಡೈಆಕ್ಸೈಡ್ ಸುಲಭವಾಗಿ ಹೊರಹೋಗಿ, ಉಸಿರಿಗೆ ಪ್ರೇರಣೆ ಕೊಡುವ ಮಟ್ಟಕ್ಕಿಂತ ಕೆಳಗೆ ಇಳಿಯುತ್ತದೆ. ಬಹಳಷ್ಟು ಜನರಲ್ಲಿ ವಾರಗಳು, ತಿಂಗಳುಗಳಲ್ಲಿ ತಾನಾಗಿ ಕಡಿಮೆಯಾಗುತ್ತದೆ.

ಸೆಂಟ್ರಲ್ ಅಪ್ನಿಯಾಗೆಂದೇ ಇರುವ, ಬೆಲೆ ಹಲವು ಪಟ್ಟು ಹೆಚ್ಚಿನ ಎಎಸ್‌ವಿ ಯಂತ್ರ ಕೊಳ್ಳುವ ಸಲಹೆ ಮಾರಾಟಗಾರರಿಂದ ಬಂತು. ಅದಕ್ಕೆ ಒಪ್ಪದಿರಲು ಕಾರಣ ಖರ್ಚೊಂದೇ ಅಲ್ಲ. ಹೃದಯದ ಪಂಪ್ ಮಾಡುವ ಸಾಮರ್ಥ್ಯ ಶೇ 45 ಅಥವಾ ಅದಕ್ಕಿಂತ ಕಡಿಮೆ ಇರುವ ಹೃದಯ ವೈಫಲ್ಯದ ರೋಗಿಗಳಲ್ಲಿ ಎಎಸ್‌ವಿ ಹೃದಯ ಸಂಬಂಧಿ ಸಾವನ್ನು ಹೆಚ್ಚಿಸಿತೆಂದು 2015ರಲ್ಲಿ ಪ್ರಕಟವಾದ ಸರ್ವ್-ಎಚ್‌ಎಫ್ ಅಧ್ಯಯನ ತೋರಿಸಿದೆ. ಎಕೊ, ಅಂದರೆ ಹೃದಯದ ಸ್ಕ್ಯಾನ್, ಮಾಡಿಸದೆ ಆ ಯಂತ್ರದ ಮಾತೇ ಎತ್ತಬಾರದು. ಎಕೊದಲ್ಲಿ ಸಾಮರ್ಥ್ಯ ಶೇ 60 ಬಂತು, ಸೆಂಟ್ರಲ್ ಅಪ್ನಿಯಾಗೆ ಕಾರಣವಾಗಬಲ್ಲ ಅಫೀಮಿನ ಗುಂಪಿನ ನೋವು ನಿವಾರಕಗಳನ್ನು ಅವರು ತೆಗೆದುಕೊಳ್ಳುತ್ತಿರಲಿಲ್ಲ. ಹೀಗಾಗಿ ಕಾದು ನೋಡುವ ನಿರ್ಧಾರ. ಬದಲಿಸಿದ್ದು ಒಂದೇ: ಉಸಿರು ಬಿಡುವಾಗಿನ ಇಳಿತವನ್ನು 2ರಿಂದ 1ಕ್ಕೆ ತರಲಾಯಿತು, ಏಕೆಂದರೆ ಆ ಇಳಿತ ಕೆಲವರಲ್ಲಿ ಉಸಿರನ್ನು ಹೆಚ್ಚಿಸಿ ಇಂಗಾಲದ ಡೈಆಕ್ಸೈಡನ್ನು ಇನ್ನಷ್ಟು ಹೊರಹಾಕಿಸುತ್ತದೆ. ಹನ್ನೆರಡನೇ ವಾರಕ್ಕೆ ಸೆಂಟ್ರಲ್ 1.8ಕ್ಕೆ ಇಳಿಯಿತು. ಇಳಿತ ತಗ್ಗಿಸಿದ್ದರಿಂದಲೋ ಕಾಲ ಕಳೆದದ್ದರಿಂದಲೋ ಎಂದು ಬೇರ್ಪಡಿಸಿ ಹೇಳಲಾಗದು.

ಏಪ್ರಿಲ್ ಗುಡುಗು ಮಳೆಗೆ ಕರೆಂಟು ಹೋಗತೊಡಗಿತು. ಮನೆಯ ಹಳೆಯ ಇನ್ವರ್ಟರ್ ಸ್ಕ್ವೇರ್ ವೇವ್ ಮಾದರಿಯದು, ಯಂತ್ರ ಅದರಲ್ಲಿ ಕೀರಲು ಸದ್ದು ಮಾಡಿ ನಿಲ್ಲುತ್ತಿತ್ತು. ಪ್ಯೂರ್ ಸೈನ್ ವೇವ್ ಇನ್ವರ್ಟರ್ ಹಾಕಿಸಿದ ಮೇಲೆ ಸರಿಹೋಯಿತು. ಬ್ಯಾಟರಿಯನ್ನು ಹೆಚ್ಚು ತಿನ್ನುವುದು ಗಾಳಿಯ ಮೋಟಾರಲ್ಲ, ನೀರು ಕಾಯಿಸುವ ತಟ್ಟೆ. ದೀರ್ಘ ಕಡಿತದ ಸೂಚನೆ ಇದ್ದ ರಾತ್ರಿ ಹ್ಯುಮಿಡಿಫೈಯರ್ ಆರಿಸಿ ಮಲಗುತ್ತಾರೆ. ಯಂತ್ರ ನಿಂತರೆ ಉಸಿರುಗಟ್ಟುತ್ತದೆಂಬ ಭಯ ಅವರಿಗಿತ್ತು. ಮೂಗಿನ ಮಾಸ್ಕ್ ಬಾಯಿಯನ್ನು ಮುಚ್ಚುವುದಿಲ್ಲ, ಬಾಯಿಂದ ಉಸಿರಾಡಬಹುದು, ಪೂರ್ಣ ಮಾಸ್ಕಿನಲ್ಲಿ ಗಾಳಿ ನಿಂತ ಕೂಡಲೇ ತೆರೆದುಕೊಳ್ಳುವ ಕವಾಟ ಇರುತ್ತದೆ ಎಂದು ತಿಳಿಸಿ, ಹಗಲಿನಲ್ಲಿ ಸ್ವಿಚ್ ಆರಿಸಿ ಅನುಭವಕ್ಕೆ ತಂದ ಮೇಲೆ ಭಯ ಹೋಯಿತು.

ಆರು ತಿಂಗಳಿಗೆ ಬಳಕೆ ಸರಾಸರಿ 6 ಗಂಟೆ 15 ನಿಮಿಷ, ಎಎಚ್‌ಐ 3.1, ಎಪ್‌ವರ್ತ್ 7. ಬೆಳಗಿನ ತಲೆನೋವು ಇಲ್ಲ. ರಕ್ತದೊತ್ತಡದ ಮಾತ್ರೆ ಎರಡೂ ಮುಂದುವರಿದಿವೆ. ಸಿಪ್ಯಾಪ್‌ನಿಂದ ಸರಾಸರಿ ಇಳಿಯುವ ಒತ್ತಡ ಕೆಲವೇ ಅಂಕಿಗಳಷ್ಟು, ಮಾತ್ರೆ ನಿಲ್ಲಿಸಬಹುದೆಂಬ ಆಸೆ ಹುಟ್ಟಿಸುವುದು ತಪ್ಪು. ಕೆನ್ನೆಯ ಮೇಲಿನ ಪಟ್ಟಿಯ ಗುರುತು ಶಾಲೆಯ ಪ್ರಾರ್ಥನೆಯ ಹೊತ್ತಿಗೂ ಮಾಸಿರುವುದಿಲ್ಲ, ಅದು ಅವರಿಗೆ ಇಂದಿಗೂ ಬೇಸರ. ಮದುವೆ ಊಟ ಮಾಡಿ ತಡವಾಗಿ ಮಲಗಿದ ರಾತ್ರಿ ಹೊಟ್ಟೆ ಈಗಲೂ ಉಬ್ಬುತ್ತದೆ. ಊಟಕ್ಕೂ ಮಲಗುವುದಕ್ಕೂ ಮೂರು ಗಂಟೆ ಅಂತರವಿದ್ದು, ಎಡ ಮಗ್ಗುಲಲ್ಲಿ ಮಲಗಿದರೆ ಉಬ್ಬುವುದಿಲ್ಲ.

ಬೇರೆಯವರ ಕೆಲಸಕ್ಕೆ ಬರುವಂಥದ್ದು

ಐದು ದೂರುಗಳಿಗೆ ಐದು ಚಿಕಿತ್ಸೆ ಕೊಟ್ಟಾಗ ಒಂದೂ ಹೋಗಲಿಲ್ಲ, ಮೂಗಿನಿಂದ ಶುರುಮಾಡಿ ಸೋರಿಕೆಯನ್ನೂ ಒತ್ತಡವನ್ನೂ ಹಿಡಿದಾಗ ನಾಲ್ಕು ಹೋದವು. ಗಾಯಕ್ಕೆ ಮಾತ್ರ ಬೇರೆ ಮಾಸ್ಕ್ ಬೇಕಾಯಿತು. ಎಲ್ಲರಲ್ಲೂ ಸರಪಳಿ ಮೂಗಿನಿಂದಲೇ ಶುರುವಾಗುವುದಿಲ್ಲ. ಕೆಲವರಲ್ಲಿ ಮಾಸ್ಕಿನ ಅಳತೆಯಿಂದ, ಕೆಲವರಲ್ಲಿ ಅಂಗಾತ ಮಲಗುವುದರಿಂದ, ಕೆಲವರಲ್ಲಿ ಎದೆಯುರಿಯಿಂದ. ಹೊಟ್ಟೆ ಉಬ್ಬಿದ ರೋಗಿ ಬಂದರೆ ಮೊದಲು ಕೇಳಬೇಕಾದದ್ದು: ಒತ್ತಡ ಏರುವ ಮುನ್ನ ಸೋರಿಕೆ ಏರಿದೆಯೇ, ನಂತರವೇ? ಮೊದಲೇ ಏರಿದ್ದರೆ ಬಾಯಿ, ಮೂಗು, ಮಾಸ್ಕ್ ನೋಡಬೇಕು. ಸೋರಿಕೆಯೇ ಇಲ್ಲದೆ ಒತ್ತಡ ಏರಿದ್ದರೆ ಭಂಗಿ ನೋಡಬೇಕು. ಅಷ್ಟು ಒತ್ತಡ ನಿಜವಾಗಿ ಬೇಕಾಗಿದ್ದರೆ, ಉಸಿರು ಎಳೆಯುವಾಗ ಒಂದು ಒತ್ತಡ, ಬಿಡುವಾಗ ಕಡಿಮೆ ಒತ್ತಡ ಕೊಡುವ ಬೈಲೆವೆಲ್ ಯಂತ್ರವನ್ನು ಯೋಚಿಸಬೇಕು.

ಒತ್ತಡದ ಮಿತಿ ತಗ್ಗಿಸುವ ಕೆಲಸವನ್ನು ಮಾತ್ರ ಯಾರೂ ಮನೆಯಲ್ಲಿ ಊಹೆಯ ಮೇಲೆ ಮಾಡಬಾರದು. ಹೊಟ್ಟೆ ಹಗುರವಾಗಿ ಗಂಟಲು ಮತ್ತೆ ಕುಸಿಯತೊಡಗಿದರೆ ನಿದ್ದೆಯಲ್ಲಿರುವವರಿಗೆ ತಿಳಿಯುವುದಿಲ್ಲ. ಇಲ್ಲಿ ಮಿತಿ 10ಕ್ಕೆ ಇಳಿದ ಮೊದಲ ಎರಡು ವಾರ ಮೂರು ದಿನಕ್ಕೊಮ್ಮೆ ಕಾರ್ಡ್ ತೆರೆದು ನೋಡಲಾಗಿತ್ತು. ಹಠಾತ್ ಎದೆನೋವು ಅಥವಾ ಉಸಿರಾಟದ ಕಷ್ಟ, ನಿಲ್ಲದ ಮೂಗಿನ ರಕ್ತ, ಕಿವಿಯೊಳಗೆ ತೀವ್ರ ನೋವು, ತಲೆಗೆ ಪೆಟ್ಟು ಬಿದ್ದ ಮೇಲೆ ಅಥವಾ ಮೂಗು, ಮಿದುಳಿನ ಶಸ್ತ್ರಚಿಕಿತ್ಸೆಯ ಮೇಲೆ ಮೂಗಿನಿಂದ ತಿಳಿನೀರು ಇಳಿಯುವುದು, ಇವುಗಳಲ್ಲಿ ಯಾವುದಾದರೂ ಕಂಡರೆ ಯಂತ್ರ ನಿಲ್ಲಿಸಿ ಆಗಲೇ ಆಸ್ಪತ್ರೆಗೆ ಹೋಗಬೇಕು, ಕಾರ್ಡನ್ನು ಜೊತೆಗೇ ಒಯ್ಯಬೇಕು.